ಮುಚ್ಚಳ ತೆಗೆಯುವ ದಿನ

ನಾನು ಮಾಡಿದ ಕಾಪುಚಿನೋದ ನೊರೆ ಗಂಡನ ಕೈಯಲ್ಲಿ ಇಳಿಯಲು ಶುರುವಾದದ್ದು ನನ್ನ ಓರಗಿತ್ತಿ ಕಸ್ತೂರಿ ನಮ್ಮ ಮನೆಗೆ ಸೊಸೆಯಾಗಿ ಬಂದ ಹದಿನೇಳನೆಯ ದಿನ. ತಾರೀಖು ಬರೆದಿಟ್ಟಿದ್ದೇನೆ. ಅಂದು ಹಾಲಿನ ಜಿಡ್ಡಿನಂಶ ಶೇಕಡಾ ಮೂರೂವರೆ, ಕಾಯಿಸಿದ ಬಿಸಿ ಅರವತ್ತೆರಡು ಡಿಗ್ರಿ, ಕಾಫಿಪುಡಿ ಹದಿನೆಂಟು ಗ್ರಾಂ. ಎಲ್ಲವೂ ಹಿಂದಿನ ದಿನದಂತೆಯೇ ಇತ್ತು. ಚಂದ್ರಮೌಳಿ ಪೇಪರು ಓದುತ್ತಲೇ ಕಪ್ ಎತ್ತಿಕೊಂಡರು, ಮುಚ್ಚಳವನ್ನು ಒಂದಿಷ್ಟು ಜರುಗಿಸಿದರು, ಕುಡಿಯುವ ಮೊದಲು ಒಂದು ಕ್ಷಣ ತಡೆದರು. ಅವರು ಹಾಗೆ ತಡೆದದ್ದರಿಂದಲೇ ನನಗೆ ಗೊತ್ತಾಯಿತು. ತೊಳೆಯಲು ಬಂದ ಕಪ್ಪಿನ ಒಳಬದಿಯಲ್ಲಿ ನೊರೆ ಅಂಟಿದ ಗೆರೆ ಇರಲಿಲ್ಲ. ಬರೀ ಕಾಫಿಯ ಕಲೆ ಇತ್ತು.

ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲ. ನನ್ನ ಗಂಡ ಇಲ್ಲಿನ ಸರ್ವೆ ಕಚೇರಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ, ಆದರೂ ಇಲ್ಲ. ಇಲ್ಲಿ ಹಾಲನ್ನು ನೊರೆ ಬರಿಸುವಾಗ ಮಾಡುವವರ ಮನಸ್ಸಿನಲ್ಲಿ ಯಾರಿರುತ್ತಾರೋ ಅವರ ಕೈಯಲ್ಲಿ ಮಾತ್ರ ಆ ನೊರೆ ನಿಲ್ಲುತ್ತದೆ. ಬೇರೆ ಯಾರು ಕಪ್ ಎತ್ತಿದರೂ ಕಣ್ಣೆದುರೇ ಇಳಿದುಹೋಗುತ್ತದೆ. ಮಾಡಿದವರ ಕೈ ಲೆಕ್ಕಕ್ಕಿಲ್ಲ. ತಟ್ಟೆಯಲ್ಲಿಟ್ಟು ಯಾರು ಹೊತ್ತರೂ ತೊಂದರೆಯಿಲ್ಲ. ಹಾಗಾಗಿ ನಮ್ಮೂರಿನ ಹೋಟೆಲುಗಳಲ್ಲಿ ಕಾಪುಚಿನೋ ಸಿಗುವುದಿಲ್ಲ, ಅದೇನಿದ್ದರೂ ಮನೆಯ ಪಾನೀಯ. ಒಮ್ಮೆ ಬಸ್ ನಿಲ್ದಾಣದ ಎದುರಿನ ಹೋಟೆಲಿನ ಮಾಲೀಕರು ದೊಡ್ಡ ಊರಿನಿಂದ ಮೆಷಿನ್ ತರಿಸಿದ್ದರು. ತಿಂಗಳಿಡೀ ಬಂದ ಗಿರಾಕಿಗಳ ಕೈಯಲ್ಲೆಲ್ಲ ನೊರೆ ಇಳಿಯಿತು, ಅಂಚೆ ಕಚೇರಿಯಲ್ಲಿ ಸ್ಟಾಂಪು ಮಾರುವ ಒಬ್ಬ ಹೆಂಗಸಿನ ಕೈಯಲ್ಲಿ ಮಾತ್ರ ನಿಂತಿತು. ಮುಂದಿನ ವೈಶಾಖದಲ್ಲಿ ಅವರಿಬ್ಬರ ಮದುವೆಯಾಯಿತು. ಮೆಷಿನ್ನಿನಲ್ಲಿ ಈಗ ಅವರು ಸ್ನಾನಕ್ಕೆ ನೀರು ಕಾಯಿಸುತ್ತಾರಂತೆ.

ಇಷ್ಟು ಬಹಿರಂಗವಾಗಿ ಬದುಕುವುದು ಯಾರಿಗೂ ಸಾಧ್ಯವಿಲ್ಲ. ಅದಕ್ಕೇ ಮುಚ್ಚಳ ಬಂದಿದೆ. ಬಡಗಿಗಳು ಹಲಸಿನ ಮರದಲ್ಲಿ ತೆಳ್ಳಗೆ ಕಡೆದು ಕೊಡುತ್ತಾರೆ. ಎದುರಿದ್ದವರಿಗೆ ಕಾಣದಂತೆ ಮುಚ್ಚಳವನ್ನು ಆಚೆ ಬದಿಗೆ ಓರೆ ಮಾಡಿ, ಅದರ ಮರೆಯಲ್ಲೇ ಕುಡಿಯುವುದನ್ನು ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಕಲಿಸುತ್ತಾರೆ. ಹೆಣ್ಣು ನೋಡಲು ಬಂದವರಿಗೆ ಪಾನಕ ಕೊಡುತ್ತಾರೆ. ಸಾವಿನ ಮನೆಯಲ್ಲಿ ತೀರಿಹೋದವರಿಗೆಂದು ಒಂದು ಕಪ್ ಮಾಡಿ ಕಿಟಕಿಯಲ್ಲಿಡುತ್ತಾರೆ, ಅದನ್ನು ಯಾರೂ ಮುಟ್ಟುವುದಿಲ್ಲ. ಮದುವೆಯಾಗಿ ಹತ್ತು ವರ್ಷ ತುಂಬಿದ ಭಾನುವಾರ ಮಾತ್ರ ಗಂಡಹೆಂಡತಿ ಒಬ್ಬರಿಗೊಬ್ಬರು ಒಂದೊಂದು ಕಪ್ ಮಾಡಿ, ನೆಂಟರಿಷ್ಟರ ಎದುರು ಮುಚ್ಚಳವಿಲ್ಲದೆ ಕೊಡಬೇಕು. ಅದನ್ನೇ ಮುಚ್ಚಳ ತೆಗೆಯುವ ದಿನ ಅನ್ನುತ್ತಾರೆ. ನೊರೆ ನಿಂತರೆ ಚಪ್ಪಾಳೆ, ಹೋಳಿಗೆ ಊಟ. ನಿಲ್ಲದಿದ್ದರೂ ಯಾರೂ ಏನೂ ಅನ್ನುವುದಿಲ್ಲ. ಊಟ ಬೇಗ ಮುಗಿಯುತ್ತದೆ, ಅಷ್ಟೆ. ಆಮೇಲೆ ಆ ಮನೆಯವರನ್ನು ಶುಭಕಾರ್ಯಗಳಲ್ಲಿ ಹಾಲು ಕಾಯಿಸಲು ಕರೆಯುವುದಿಲ್ಲ.

ನಾನು ರಸಾಯನಶಾಸ್ತ್ರ ಓದಿಕೊಂಡವಳು, ಹಾಲಿನ ಡೈರಿಯ ಪರೀಕ್ಷಾ ಕೊಠಡಿಯಲ್ಲಿ ಕೆಲಸ. ಹೊರಗಿನಿಂದ ಮದುವೆಯಾಗಿ ಬಂದವಳು ಬೇರೆ. ಊರಿನ ನಿಯಮವನ್ನು ನಾನು ಅಲ್ಲಗಳೆಯಲಿಲ್ಲ, ಆದರೆ ಅದಕ್ಕಿಂತ ಮೊದಲು ಹಾಲಿನ ನಿಯಮಗಳಿವೆ ಎಂದು ನಂಬಿದ್ದೆ. ಹಾಲು ಚೆನ್ನಾಗಿ ತಣ್ಣಗಿರಬೇಕು. ಬಿಸಿ ಅರವತ್ತೈದು ಡಿಗ್ರಿ ದಾಟಬಾರದು, ದಾಟಿದರೆ ಪ್ರೋಟೀನಿನ ಕಟ್ಟು ಸಡಿಲವಾಗಿ ಗುಳ್ಳೆ ಒರಟಾಗುತ್ತದೆ. ಕಡೆದ ಮೇಲೆ ಜಗ್ಗನ್ನು ಕಟ್ಟೆಗೆ ಎರಡು ಸಲ ಕುಟ್ಟಿ, ಮೆಲ್ಲಗೆ ತಿರುಗಿಸಿ, ದೊಡ್ಡ ಗುಳ್ಳೆಗಳನ್ನು ಒಡೆಯಬೇಕು. ಕಪ್ಪಿನಲ್ಲಿ ಡಿಕಾಕ್ಷನ್ ಒಂದು ಪಾಲು, ಹಾಲು ಒಂದು ಪಾಲು, ನೊರೆ ಒಂದು ಪಾಲು. ಮದುವೆಯಾದ ಮೊದಲ ಏಳು ವರ್ಷ ನನ್ನ ನೊರೆ ಚಂದ್ರಮೌಳಿಯ ಕೈಯಲ್ಲಿ ಹಾಸಿದ ಹತ್ತಿಯಂತೆ ಕೂತಿತ್ತು. ಅದು ನನ್ನ ಥರ್ಮಾಮೀಟರಿನ ಗುಣ ಎಂದೇ ತಿಳಿದಿದ್ದೆ.

ಕಸ್ತೂರಿ ನನ್ನ ಮೈದುನ ಉಮಾಪತಿಯ ಹೆಂಡತಿ. ಉಮಾಪತಿ ಔಷಧ ಕಂಪನಿಯೊಂದರ ಪ್ರತಿನಿಧಿ, ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ, ಇರುವ ಹತ್ತು ದಿನ ನೀರು ಕಾಯಿಸಲೂ ಬರುವುದಿಲ್ಲ. ಅವಳು ಕಾಪುಚಿನೋ ಮಾಡುವುದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಹಾಲನ್ನು ಉಕ್ಕಿಸಿ ಒಲೆಯ ಮೇಲೆ ಚೆಲ್ಲಿಸಿಕೊಂಡಳು. ಖಾಲಿಯಾದ ಉಪ್ಪಿನಕಾಯಿ ಬಾಟಲಿಗೆ ಆ ಸುಡುಹಾಲು ಸುರಿದು, ಮುಚ್ಚಳ ತಿರುಗಿಸಿ, ಸೆರಗಿನಲ್ಲಿ ಹಿಡಿದುಕೊಂಡು ಕುಲುಕತೊಡಗಿದಳು. ಬಳೆಗಳೆಲ್ಲ ಗಲಗಲ. ಬಲಗೈಯಲ್ಲಿ ಹನ್ನೊಂದು, ಎಡಗೈಯಲ್ಲಿ ಒಂಬತ್ತು, ಎಲ್ಲವೂ ಹಸಿರು. ಫಿಲ್ಟರಿನಿಂದ ಹಳೆಯ ಡಿಕಾಕ್ಷನ್ ಬಗ್ಗಿಸಿ, ಮೇಲೆ ಬಾಟಲಿಯ ನೊರೆಯನ್ನು ಸೌಟಿನಿಂದ ಕೆರೆದು ಹಾಕಿದಳು. ಗುಳ್ಳೆಗಳು ಕಡಲೆಕಾಳಿನಷ್ಟು ದಪ್ಪ. ಆ ಕಪ್ಪನ್ನು ನಮ್ಮ ಅತ್ತೆಯ ಕೈಗೆ ಕೊಟ್ಟಳು. ಹದಿನಾಲ್ಕು ನಿಮಿಷ ನಿಂತಿತು. ನಾನು ಗಡಿಯಾರ ನೋಡಿದೆ.

"ಮುಚ್ಚಳ ಎಲ್ಲೇ?" ಅಂದರು ಅತ್ತೆ.

"ಮುಚ್ಚಳ ಯಾಕತ್ತೆ, ಆರಿಹೋಗೋದ್ರೊಳಗೆ ಕುಡಿಯಿರಿ," ಅಂದಳು ಕಸ್ತೂರಿ.

ಅಂದಿನಿಂದ ಅವಳು ಯಾರಿಗೂ ಮುಚ್ಚಳ ಹಾಕಿ ಕೊಟ್ಟದ್ದಿಲ್ಲ. ಹಾಕುವ ಅಗತ್ಯವೂ ಬರಲಿಲ್ಲ. ಅವಳ ನೊರೆ ಅತ್ತೆಗೆ ನಿಂತಿತು, ಉಮಾಪತಿಗೆ ನಿಂತಿತು, ಗ್ಯಾಸ್ ಸಿಲಿಂಡರ್ ಹೊತ್ತು ತಂದವರಿಗೆ ನಿಂತಿತು, ವಿದ್ಯುತ್ ಮೀಟರ್ ನೋಡಲು ಬಂದು ಬಾಗಿಲಲ್ಲೇ ನಿಂತವರಿಗೂ ನಿಂತಿತು. ಹದಿನೇಳನೆಯ ದಿನ ಸಂಜೆ ನನ್ನ ಗಂಡನಿಗೂ ಒಂದು ಕಪ್ ಕೊಟ್ಟಳು.

"ಭಾವ, ಬೆಲ್ಲ ಶುಂಠಿ ಹಾಕಿದೀನಿ. ಹೆಂಗಿದೆ ಹೇಳಿ."

ಆ ದಿನ ಬೆಳಗ್ಗೆಯಷ್ಟೇ ನನ್ನ ನೊರೆ ಅವರ ಕೈಯಲ್ಲಿ ಇಳಿದಿತ್ತು. ಈಗ ಅದೇ ಕೈಯಲ್ಲಿ ಇವಳ ಕಡಲೆಕಾಳಿನ ನೊರೆ ಕಪ್ಪಿನ ಅಂಚು ದಾಟಿ ನಿಂತಿತ್ತು. ಅವರು ಕುಡಿದು ತಲೆಯೆತ್ತಿದಾಗ ಮೂಗಿನ ಕೆಳಗೆ ಬಿಳಿ ಮೀಸೆ. ಕಸ್ತೂರಿ ಬಿದ್ದುಬಿದ್ದು ನಕ್ಕಳು. ಅವರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ತೊಳೆದಿದ್ದ ಥರ್ಮಾಮೀಟರನ್ನು ಇನ್ನೊಮ್ಮೆ ತೊಳೆದೆ.

ಮನಸ್ಸಿನಲ್ಲಿ ಬೇರೆ ಯಾರೋ ಇದ್ದರೆ ನೊರೆ ಇಳಿಯುತ್ತದೆ, ಅದು ಊರಿಗೆಲ್ಲ ಗೊತ್ತು. ನಾನು ಪ್ರಾಮಾಣಿಕವಾಗಿ ನನ್ನ ಮನಸ್ಸನ್ನು ತಡಕಾಡಿದೆ. ಅಲ್ಲಿ ಬೇರೆ ಗಂಡಸು ಯಾರೂ ಇರಲಿಲ್ಲ. ಕಾಲೇಜಿನ ದಿನಗಳ ಯಾವ ಮುಖವೂ ಉಳಿದಿರಲಿಲ್ಲ. ಹಾಗಾದರೆ ದೋಷ ಹಾಲಿನದು. ಇದು ನನ್ನ ತರ್ಕ, ಮೂರು ವರ್ಷ ಇದನ್ನೇ ಹಿಡಿದು ನಡೆದೆ. ಹಸುವಿನ ಹಾಲು ಬಿಟ್ಟು ಎಮ್ಮೆಯ ಹಾಲು ಹಿಡಿದೆ, ಎರಡನ್ನೂ ಬೆರೆಸಿದೆ. ಬ್ಯಾಟರಿಯ ಕಡೆಯುವ ಕಡ್ಡಿ ತಂದೆ, ಸ್ಟವ್ ಮೇಲಿಟ್ಟು ಡಿಕಾಕ್ಷನ್ ಇಳಿಸುವ ಮೋಕಾ ಪಾಟ್ ತಂದೆ. ನೊರೆಯೇ ಹೆಚ್ಚಿರುವ ಒಣ ಕಾಪುಚಿನೋ ಮಾಡಿದೆ, ಹಾಲೇ ಹೆಚ್ಚಿರುವ ತೆಳು ಕಾಪುಚಿನೋ ಮಾಡಿದೆ. ಬೇಸಿಗೆಯಲ್ಲಿ ಕೆನೆ ತೆಗೆದ ಹಾಲನ್ನು ಐಸಿನೊಂದಿಗೆ ಕಡೆದು ತಣ್ಣನೆಯ ನೊರೆ ಕೂರಿಸಿದೆ. ಮೇಲೆ ಚಕ್ಕೆಪುಡಿ, ಕೋಕೋ, ಜಾಯಿಕಾಯಿ ಉದುರಿಸಿದೆ. ಪ್ರತಿ ಸಲವೂ ಎರಡು ಕಪ್ ಮಾಡುತ್ತಿದ್ದೆ. ಎರಡು ಮಾದರಿಯಿಲ್ಲದೆ ನಾನು ಡೈರಿಯಲ್ಲೂ ಯಾವ ಪರೀಕ್ಷೆಯನ್ನೂ ಮಾಡಿದವಳಲ್ಲ. ಒಂದು ಚಂದ್ರಮೌಳಿಗೆ, ಇನ್ನೊಂದನ್ನು ಯಾರೂ ಮುಟ್ಟದಂತೆ ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಿದ್ದೆ. ಕಟ್ಟೆಯ ಮೇಲಿನದು ಪ್ರತಿ ಸಲವೂ ಅರ್ಧ ಗಂಟೆ ಅಲುಗದೆ ನಿಲ್ಲುತ್ತಿತ್ತು, ಅವರ ಕೈಯದು ಇಳಿಯುತ್ತಿತ್ತು. ಅವರು ಮುಚ್ಚಳದ ಮರೆಯಲ್ಲಿ ಕುಡಿದು, "ಚೆನ್ನಾಗಿದೆ," ಅನ್ನುತ್ತಿದ್ದರು. ಆ ಒಂದು ಮಾತನ್ನು ಮೂರು ವರ್ಷ ದಿನಾ ಕೇಳಿದ್ದೇನೆ.

ಇಷ್ಟೆಲ್ಲ ಮಾಡುವಾಗ ಹಿತ್ತಲಲ್ಲೋ ಪಡಸಾಲೆಯಲ್ಲೋ ಆ ಬಳೆಗಳ ಸದ್ದು ಇದ್ದೇ ಇರುತ್ತಿತ್ತು. ಅವಳು ಈಗ ಯಾರಿಗೆ ಮಾಡುತ್ತಿದ್ದಾಳೆ, ಎಷ್ಟು ಹೊತ್ತು ನಿಂತೀತು, ಬೆಲ್ಲ ಹಾಕಿದಳೋ ಸಕ್ಕರೆಯೋ, ಬಾಟಲಿಯನ್ನು ಇವತ್ತಾದರೂ ಸೋಪಿನಲ್ಲಿ ತೊಳೆದಳೋ ಇಲ್ಲವೋ ಎಲ್ಲ ನನಗೆ ತಿಳಿಯುತ್ತಿತ್ತು. ಎಲ್ಲರಿಗೂ ಕೊಟ್ಟು ಮುಗಿದ ಮೇಲೆ ಅವಳು ಬಾಟಲಿಯಲ್ಲಿ ಉಳಿದ ಹಾಲಿಗೆ ಡಿಕಾಕ್ಷನ್ ಬೆರೆಸಿ, ಒಲೆಯ ಪಕ್ಕ ನಿಂತೇ ಕುಡಿಯುತ್ತಾಳೆ ಎಂಬುದೂ ತಿಳಿದಿತ್ತು. ಅದನ್ನು ನಾನು ಅವಳ ಅಶಿಸ್ತಿನ ಪಟ್ಟಿಗೆ ಸೇರಿಸಿದ್ದೆ.

ಮುಚ್ಚಳ ತೆಗೆಯುವ ದಿನಕ್ಕೆ ಒಂದು ವಾರ ಇರುವಾಗ ನನಗೆ ತಡೆಯಲಾಗಲಿಲ್ಲ. ಅವಳು ಕುಲುಕುತ್ತಿದ್ದಳು. ಪಕ್ಕದಲ್ಲಿ ನಿಂತು, ಏನೋ ಹುಡುಕುವವಳಂತೆ ಡಬ್ಬಿಗಳನ್ನು ಸರಿಸುತ್ತ ಕೇಳಿದೆ.

"ಅಲ್ಲ ಕಸ್ತೂರಿ, ಅದನ್ನ ಕುಲುಕುವಾಗ ಏನು ಯೋಚನೆ ಮಾಡ್ತೀಯೇ?"

"ಏನಿಲ್ಲ ನಿರುಪಮಕ್ಕ. ಯಾರಿಗೆ ಮಾಡ್ತೀನೋ ಅವರನ್ನ."

"ಅಂದ್ರೆ, ಏನು ಅಂತ?"

"ಈಗ ಭಾವನಿಗೆ ಮಾಡ್ತಿದೀನಿ ಅಂದ್ಕೊಳ್ಳಿ. ಅವರ ಕನ್ನಡಕದ ಕಾಲು ಮುರಿದು ದಾರ ಸುತ್ಕೊಂಡಿದಾರಲ್ಲ, ಅದು ಉಜ್ಜಿ ಉಜ್ಜಿ ಕಿವಿ ಹಿಂದೆ ಕೆಂಪಾಗಿದೆ. ಪಾಪ ಉರಿಯುತ್ತೇನೋ ಅಂತ. ಅಷ್ಟೇ. ಅಷ್ಟರಲ್ಲಿ ನೊರೆ ಬಂದಿರುತ್ತೆ."

ನಾನು ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿ ಮತ್ತೆ ತೆಗೆದೆ. ಕನ್ನಡಕದ ಕಾಲು ಮುರಿದದ್ದು ನನಗೆ ಗೊತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನೋಡಿದೆ. ಕಪ್ಪು ದಾರ, ನಾಲ್ಕು ಸುತ್ತು. ಕಿವಿಯ ಹಿಂದೆ ಕೆಂಪು ಗೆರೆ. ನನಗಿಂತ ಮುಂಚೆ ಅದನ್ನು ಅವಳು ನೋಡಿದ್ದಳು. ನನ್ನ ಗಂಡನ ಕಿವಿಯನ್ನು ಅವಳು ನೋಡಿದ್ದಳು! ಅವಳ ಮಾತಿನಲ್ಲಿ ಕೆಟ್ಟದ್ದು ಒಂದು ಎಳೆಯಷ್ಟೂ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ಕೆಟ್ಟದ್ದಿದ್ದರೆ ಹಿಡಿದು ಕೇಳಬಹುದಿತ್ತು.

ಆ ಭಾನುವಾರ ಪಡಸಾಲೆ ತುಂಬ ಜಾಮಖಾನ ಹಾಸಿದ್ದೆವು. ಮೂವತ್ತು ಜನ ಬಂದಿದ್ದರು. ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದವರು ತುಂಗತ್ತೆ, ನನ್ನ ಗಂಡನ ಸೋದರತ್ತೆ. ಎಂಬತ್ತೊಂದು ವರ್ಷ, ಕಣ್ಣು ಮಂಜು, ಆದರೆ ನೊರೆ ಮಾತ್ರ ಹತ್ತು ಮಾರು ದೂರದಿಂದ ಕಾಣುತ್ತದೆ.

"ನಿರುಪಮಾ ಓದಿದೋಳು," ಅಂದರು ಅವರು ಎಲ್ಲರಿಗೂ ಕೇಳುವಂತೆ. "ನೊರೆಗೆ ಅಳತೆಗೋಲು ಇಟ್ಕೊಂಡಿದಾಳಂತೆ. ನಮ್ಮ ಕಾಲದಲ್ಲಿ ಗಂಡನ ಮುಖ ನೆನೆಸ್ಕೊಂಡ್ರೆ ಸಾಕಾಗಿತ್ತಪ್ಪ."

"ನಿಮ್ಮ ಯಜಮಾನರ ಮುಖ ನೆನೆಸ್ಕೊಂಡ್ರೆ ಹಾಲು ಒಡೆಯುತ್ತಿತ್ತು ಅಂತಿದ್ರಲ್ಲ ತುಂಗತ್ತೆ," ಅಂದರು ಯಾರೋ ಹಿಂದಿನಿಂದ. ಎಲ್ಲರೂ ನಕ್ಕರು, ತುಂಗತ್ತೆ ಎಲ್ಲರಿಗಿಂತ ಜೋರಾಗಿ.

ಮೊದಲು ಗಂಡನ ಸರದಿ. ಚಂದ್ರಮೌಳಿ ಅಡುಗೆಮನೆಗೆ ಹೋದವರು ಇಪ್ಪತ್ತು ನಿಮಿಷ ಹೊರಗೆ ಬರಲಿಲ್ಲ. ಒಳಗಿಂದ ಪಾತ್ರೆ ಬೀಳುವ ಸದ್ದು, ಸೀದ ಹಾಲಿನ ವಾಸನೆ. ಕೊನೆಗೆ ಮೊಣಕೈವರೆಗೆ ಹಾಲು ಚೆಲ್ಲಿಕೊಂಡು ಒಂದು ಕಪ್ ತಂದರು. ಎಲ್ಲರ ಮೊದಲ ಸಲದ ನೊರೆಯಂತೆ ಒರಟು ಗುಳ್ಳೆ, ಮೇಲೆ ಚಕ್ಕೆಪುಡಿ ಒಂದೇ ಕಡೆ ಗುಡ್ಡೆಯಾಗಿತ್ತು. ನಾನು ಎತ್ತಿಕೊಂಡೆ. ನಿಂತಿತು. ಒಂದು ಗುಳ್ಳೆಯೂ ಒಡೆಯಲಿಲ್ಲ. ಚಪ್ಪಾಳೆ ಬಿತ್ತು. ಅದನ್ನು ರುಚಿ ನೋಡದೆಯೇ ಕುಡಿದು ಮುಗಿಸಿದೆ. ಮುಂದಿನ ಸರದಿ ನನ್ನದು.

ಅಡುಗೆಮನೆಯಲ್ಲಿ ಎಲ್ಲವೂ ಸಜ್ಜಾಗಿತ್ತು. ತಣ್ಣನೆಯ ಹಾಲು, ಥರ್ಮಾಮೀಟರ್, ಜಗ್ಗು, ಎರಡು ಕಪ್. ಕಸ್ತೂರಿ ಒಂದು ಮೂಲೆಯಲ್ಲಿ ಕೂತು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ನಾನು ಚಂದ್ರಮೌಳಿಯ ಮುಖ ನೆನೆಸಿಕೊಂಡೆ. ಹಾಲು ಐವತ್ತು ಡಿಗ್ರಿಗೆ ಬಂತು. ಕಡ್ಡಿ ಒಳಗಿಳಿಸಿದೆ. ಈಳಿಗೆಯ ಮೇಲೆ ಅವಳ ಕೈ ಹಿಂದೆ ಮುಂದೆ ಹೋದಂತೆಲ್ಲ ಬಳೆಗಳು ಗಲ್ ಎನ್ನುತ್ತಿದ್ದವು. ಹಬ್ಬಕ್ಕೆಂದು ಇನ್ನೂ ಎರಡು ಏರಿಸಿಕೊಂಡಿದ್ದಳು, ಸದ್ದಿನಲ್ಲೇ ಗೊತ್ತಾಯಿತು. ಹದಿಮೂರು, ಒಂಬತ್ತು. ಇವತ್ತಾದರೂ ನೋಡಲಿ, ಅಂದುಕೊಂಡೆ. ಉಪ್ಪಿನಕಾಯಿ ಬಾಟಲಿಯಲ್ಲಿ ಕುಲುಕುವವರು ನೋಡಲಿ, ನೊರೆ ಅಂದರೆ ಹೇಗಿರುತ್ತದೆ ಎಂದು. ಅರವತ್ತೆರಡು ಡಿಗ್ರಿ. ಒಲೆ ಆರಿಸಿದೆ, ಜಗ್ಗನ್ನು ಕುಟ್ಟಿದೆ, ತಿರುಗಿಸಿದೆ, ಎರಡೂ ಕಪ್ಪಿಗೆ ಸಮನಾಗಿ ಬಗ್ಗಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ನುಣುಪಾದ ನೊರೆ ಬಂದಿರಲಿಲ್ಲ. ರೇಷ್ಮೆಯಂತೆ ಹೊಳೆಯುತ್ತಿತ್ತು. ಒಂದನ್ನು ಕಟ್ಟೆಯ ಮೇಲೆ ಬಿಟ್ಟು, ಇನ್ನೊಂದನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಬಂದೆ.

"ಆಹಾ," ಅಂದರು ಜನ. ತಟ್ಟೆಯಲ್ಲಿ ಅದು ಅಷ್ಟು ಚೆನ್ನಾಗಿ ಕಂಡಿತು. ಚಂದ್ರಮೌಳಿ ನನ್ನ ಮುಖ ನೋಡಿದರು. ಅವರ ಕಣ್ಣಿನಲ್ಲಿ ಒಂದು ಬೇಡಿಕೆಯಿತ್ತು, ನನ್ನಲ್ಲೋ ನೊರೆಯಲ್ಲೋ ತಿಳಿಯಲಿಲ್ಲ. ಕಪ್ ಎತ್ತಿದರು. ನೊರೆ ಒಂದು ಕ್ಷಣ ಅಲುಗಿ, ನಡುವೆ ಕುಸಿದು, ಅಂಚಿನಿಂದ ಸರಿದು, ಕಾಫಿಯೊಳಗೆ ಇಳಿದುಹೋಯಿತು. ಸದ್ದು ಕೂಡ ಕೇಳಿಸಿತು, ಬಹಳ ಸಣ್ಣ ಸದ್ದು. ಯಾರೋ ಎಲೆ ಹಾಕಲು ಎದ್ದರು.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಸ್ತೂರಿ ಕೂಗಿದಳು.

"ಅಯ್ಯೋ, ಭಾವ, ಅದಲ್ಲ! ಅದು ಅಕ್ಕ ಅಭ್ಯಾಸಕ್ಕೆ ಮಾಡಿದ್ದು! ನಾನು ನಡುವೆ ಕೈ ಹಾಕಿ ಕಪ್ ಅದಲು ಬದಲು ಮಾಡ್ಬಿಟ್ಟೆ. ತಡೀರಿ, ತಡೀರಿ, ನಿಮ್ಮದು ಒಳಗಿದೆ!"

ಅಷ್ಟೂ ಸುಳ್ಳು. ನಾನು ಕಪ್ ಹೊತ್ತು ಹೊರಗೆ ಬರುವವರೆಗೂ ಅವಳು ಈಳಿಗೆ ಬಿಟ್ಟು ಎದ್ದಿರಲೇ ಇಲ್ಲ. ನನ್ನ ಮಾನ ಉಳಿಸಲು ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಅರಿವಾದಾಗ ನನಗೆ ಕೃತಜ್ಞತೆ ಬರಬೇಕಿತ್ತು. ಬಂದದ್ದು ಉರಿ. ಇದರಲ್ಲೂ ಅವಳೇ ಮೇಲಾಗಬೇಕೆ? ಅವಳು ಒಳಗೆ ಓಡಿ, ಕಟ್ಟೆಯ ಮೇಲಿದ್ದ ಎರಡನೆಯ ಮಾದರಿಯನ್ನು ಎತ್ತಿಕೊಂಡು, ಅದೇ ಓಟದಲ್ಲಿ ಪಡಸಾಲೆಗೆ ಬಂದಳು.

"ತಟ್ಟೆ ಎಲ್ಲೇ! ತಟ್ಟೆಯಲ್ಲಿ ತಾರೇ!" ತುಂಗತ್ತೆ ಕುರ್ಚಿಯಿಂದ ಅರ್ಧ ಎದ್ದರು.

ಕಸ್ತೂರಿ ಪಡಸಾಲೆಯ ನಡುವೆ ಗಕ್ಕನೆ ನಿಂತಳು. ಗಾಬರಿಯಲ್ಲಿ ಅವಳು ಕಪ್ಪನ್ನು ಬರಿಗೈಯಲ್ಲಿ, ಎರಡೂ ಅಂಗೈ ನಡುವೆ ಹಿಡಿದು ತಂದಿದ್ದಳು. ತಲೆ ತಗ್ಗಿಸಿ ನೋಡಿದಳು. ನಾವೆಲ್ಲ ನೋಡಿದೆವು. ಓಡಿ ಬಂದ ಕುಲುಕಾಟಕ್ಕೂ ನೊರೆ ಅಲುಗಿರಲಿಲ್ಲ. ಅಂಚಿನಿಂದ ಅರ್ಧ ಬೆರಳು ಮೇಲೆ, ನುಣ್ಣಗೆ, ಬೆಳ್ಳಗೆ ನಿಂತಿತ್ತು. ಅವಳು ಕಪ್ಪನ್ನು ಎಡಗೈಗೆ ಬದಲಾಯಿಸಿದಳು. ನಿಂತಿತು. ಬಲಗೈಗೆ ಬದಲಾಯಿಸಿದಳು. ನಿಂತಿತು. ಅವಳ ಬಳೆ ಕಪ್ಪಿಗೆ ತಗುಲಿ ಒಂದು ಸಲ ಗಲ್ ಎಂದಿತು. ಆ ಸದ್ದಿಗೆ ನನಗೆ ಮೂರು ವರ್ಷದ ಲೆಕ್ಕವೆಲ್ಲ ಒಟ್ಟಿಗೆ ಬಿಡಿಸಿಕೊಂಡಿತು. ಹಾಲು ಬದಲಾಯಿಸಿದ್ದೆ, ಕಡ್ಡಿ ಬದಲಾಯಿಸಿದ್ದೆ, ಪುಡಿ ಬದಲಾಯಿಸಿದ್ದೆ. ಒಂದು ದಿನವೂ ಬದಲಾಯಿಸದೆ ಉಳಿಸಿಕೊಂಡದ್ದು ಒಂದೇ, ಈ ಬಳೆಯ ಸದ್ದು. ಮನಸ್ಸಿನಲ್ಲಿ ಗಂಡಸರನ್ನು ಮಾತ್ರ ಹುಡುಕಿದ್ದೆ ನಾನು.

ಮೊದಲು ಬಾಯಿ ಬಿಟ್ಟವರು ತುಂಗತ್ತೆ. "ಇದೇನೇ ಇದು! ಗಂಡನಿಗೆ ಮಾಡು ಅಂತ ಕೂರಿಸಿದ್ರೆ ಓರಗಿತ್ತಿಗೆ ಮಾಡಿ ಕೂತಿದಾಳಲ್ಲ!"

ಪಡಸಾಲೆ ನಗುವಿನಿಂದ ಬಿರಿಯಿತು. ನನ್ನ ಮುಖ ಕಾದ ಬಾಣಲೆಯಂತೆ ಆಗಿತ್ತು. ನಗದೆ ಇದ್ದವರು ಮೂವರು. ಚಂದ್ರಮೌಳಿ, ಕಸ್ತೂರಿ ಮತ್ತು ನಮ್ಮ ಅತ್ತೆ. ಅತ್ತೆ ಕಂಬಕ್ಕೆ ಒರಗಿಕೊಂಡೇ ಹೇಳಿದರು, "ಕುಡಿ ಕಸ್ತೂರಿ. ಅದು ನಿಂದು. ಇನ್ಯಾರು ಮುಟ್ಟಿದ್ರೂ ಹಾಳಾಗುತ್ತೆ."

ಕಸ್ತೂರಿ ಅಲ್ಲೇ ಜಾಮಖಾನದ ಮೇಲೆ ಕೂತಳು. ನಾನು ಅವಳನ್ನು ಕೂತು ಕುಡಿಯುವುದನ್ನು ನೋಡಿದ್ದು ಅದೇ ಮೊದಲು. ನಿಧಾನವಾಗಿ, ಪ್ರತಿ ಗುಟುಕಿಗೂ ನೊರೆ ಉಳಿದಿದೆಯೇ ಎಂದು ನೋಡುತ್ತ ಕುಡಿದಳು. ಅರ್ಧ ಮುಗಿದಾಗ ಕಣ್ಣು ತುಂಬಿಕೊಂಡಳು. "ಮದುವೆಯಾಗಿ ಬಂದ ಮೇಲೆ ನನ್ನ ಕೈಯಲ್ಲಿ ಒಂದು ಸಲವೂ ನಿಂತಿರಲಿಲ್ಲ," ಅಂದಳು, ಯಾರಿಗೂ ಅಲ್ಲದಂತೆ. "ಯಾರೂ ಮಾಡಿರಲಿಲ್ಲ." ಪೂರ್ತಿ ಮುಗಿಸಿ, ತಲೆಯೆತ್ತಿ ನನ್ನ ಕಡೆ ನೋಡಿದಳು. ಮೂಗಿನ ಕೆಳಗೆ ಬಿಳಿ ಮೀಸೆ. "ಸಕ್ಕರೆ ಒಂಚೂರು ಸಾಲ್ದು, ಅಕ್ಕ."

ಊಟ ಬೇಗ ಮುಗಿಯಲಿಲ್ಲ. ಇಂಥದ್ದು ನಡೆದರೆ ಊಟ ಬೇಗ ಮುಗಿಯಬೇಕೋ ತಡವಾಗಬೇಕೋ ಯಾರಿಗೂ ಗೊತ್ತಿರಲಿಲ್ಲ. ಹೋಳಿಗೆ ಮಾಡಿಯಾಗಿತ್ತು, ತಿಂದರು. ನೆಂಟರು ಹೋದ ಮೇಲೆ, ಸಂಜೆ ಬಿಸಿಲಿನಲ್ಲಿ ನಾವಿಬ್ಬರೇ ಜಾಮಖಾನ ಕೊಡವುತ್ತಿದ್ದಾಗ ಚಂದ್ರಮೌಳಿ ಬಾಯಿ ಬಿಟ್ಟರು.

"ನಾನು ನಿಮ್ಮ ಡೈರಿ ಮ್ಯಾನೇಜರ್ ಅಂದ್ಕೊಂಡಿದ್ದೆ ಕಣೇ."

"ಏನು?"

"ನಿನ್ನ ಮನಸ್ಸಲ್ಲಿರೋದು. ಮೂರು ವರ್ಷದಿಂದ."

"ಆ ಬೊಕ್ಕತಲೆ ಮನುಷ್ಯನಾ? ಅವರ ಕಿಸೆಯಲ್ಲಿ ಯಾವಾಗ್ಲೂ ಬೆಳ್ಳುಳ್ಳಿ ಇರುತ್ತೆ ರೀ!"

"ಬೆಳ್ಳುಳ್ಳಿ ವಿಷಯ ನನಗೇನು ಗೊತ್ತು? ಪಾಪ, ಎದುರು ಸಿಕ್ಕಾಗೆಲ್ಲ ನಮಸ್ಕಾರ ಅಂತಾರೆ. ನಾನು ಮೂರು ವರ್ಷದಿಂದ ಒಂದು ಸಲವೂ ತಿರುಗಿ ಅಂದಿಲ್ಲ." ಅವರು ಜಾಮಖಾನದ ತುದಿಯನ್ನು ನನ್ನ ತುದಿಗೆ ತಂದು ಸೇರಿಸಿದರು. "ಒಂದು ಮಾತು ಕೇಳ್ಬಹುದಿತ್ತಲ್ಲ ಅಂತೀಯ. ಹೆಂಗೆ ಕೇಳೋದು? ಕೇಳಿ ನೀನು ಹೌದು ಅಂದಿದ್ರೆ?"

ನಾನು ಆಗ ಮೊದಲ ಸಲ ಅವರ ಕನ್ನಡಕವನ್ನು ಹತ್ತಿರದಿಂದ ನೋಡಿದೆ. ದಾರ ಕಪ್ಪಲ್ಲ, ಕಡುನೀಲಿ. ಸುತ್ತು ನಾಲ್ಕಲ್ಲ, ಐದು.

ಇದೆಲ್ಲ ಆದ ಮೇಲೆ ನನ್ನ ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಸ್ತೂರಿಯ ನೊರೆ ಇಂದಿಗೂ ಬಂದವರಿಗೆಲ್ಲ ನಿಲ್ಲುತ್ತದೆ, ನಾನು ಇಂದಿಗೂ ಗಡಿಯಾರ ನೋಡುತ್ತೇನೆ. ಆದರೆ ಮರುದಿನದಿಂದ ನಾನು ಬೆಳಗ್ಗೆ ಮಾಡುವ ಎರಡು ಮಾದರಿಯಲ್ಲಿ ಒಂದು ಅವಳ ಕೈಗೆ ಹೋಗತೊಡಗಿತು, ಒಂದೂವರೆ ಚಮಚ ಸಕ್ಕರೆ ಹಾಕಿ, ಮುಚ್ಚಳವಿಲ್ಲದೆ. ಅವಳು ಒಲೆಯ ಪಕ್ಕ ನಿಲ್ಲುವುದನ್ನು ಬಿಟ್ಟು ಮಣೆ ಹಾಕಿಕೊಂಡು ಕೂರತೊಡಗಿದಳು. ನಿಂತ ನೊರೆಯನ್ನು ಅತ್ತೆಗೆ ತೋರಿಸುವಳು, ಕಿಟಕಿಯಿಂದ ಕೈ ಚಾಚಿ ಪಕ್ಕದ ಮನೆಯವರಿಗೂ ತೋರಿಸುವಳು. "ನಮ್ಮ ಅಕ್ಕ ಮಾಡಿದ್ದು. ಎಷ್ಟು ಕುಲುಕಿದ್ರೂ ಬೀಳಲ್ಲ ನೋಡಿ." ಚಂದ್ರಮೌಳಿ ತಮ್ಮ ಕಪ್ಪನ್ನು ಎಂದಿನಂತೆ ಮುಚ್ಚಳದ ಮರೆಯಲ್ಲಿ ಕುಡಿಯುತ್ತಿದ್ದರು. ಇಳಿದದ್ದಕ್ಕೆ ಅವರಿಗೀಗ ಬೇಸರವಿರಲಿಲ್ಲ, ಇಳಿಸಿದವರು ಯಾರೆಂದು ಗೊತ್ತಿತ್ತಲ್ಲ.

ಮಾಘ ಮಾಸದ ಒಂದು ಬೆಳಗ್ಗೆ ನಾನು ಹಾಲು ಕಾಯಿಸುತ್ತಿದ್ದೆ. ಹಿಂದಿನ ದಿನ ಅವರಿಗೆ ಹೊಸ ಕನ್ನಡಕ ಬಂದಿತ್ತು. ಚೌಕಟ್ಟು ಅಗಲವಾಗಿ, ಮುಖ ಬೇರೆ ಯಾರಿಂದಲೋ ಎರವಲು ತಂದಂತೆ ಕಾಣುತ್ತಿತ್ತು. ಹಳೆಯದನ್ನು ಬಿಸಾಡಲು ಮನಸ್ಸಾಗದೆ ದಾರದ ಸಮೇತ ಕಿಸೆಯಲ್ಲಿ ಇಟ್ಟುಕೊಂಡೇ ಕಚೇರಿಗೆ ಹೊರಡಲು ತಯಾರಾಗಿದ್ದರು. ಕಿವಿಯ ಹಿಂದಿನ ಕೆಂಪು ಗೆರೆ ಮಾಸಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಹೋದೀತು, ಬೇಡ ಅನ್ನುತ್ತಾರೆ, ಪೇಪರು ಓದುವಾಗ ಹಿಂದಿನಿಂದ ಹೋಗಿ ಹಚ್ಚಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಥರ್ಮಾಮೀಟರ್ ನೋಡುವುದು ಮರೆತೇಹೋಯಿತು. ನೋಡಿದಾಗ ಎಪ್ಪತ್ತು ದಾಟಿತ್ತು, ಗುಳ್ಳೆಗಳು ಸ್ವಲ್ಪ ಒರಟಾಗಿದ್ದವು. ಇರಲಿ ಎಂದು ಬಗ್ಗಿಸಿದೆ.

ಪಡಸಾಲೆಯಲ್ಲಿ ಪೇಪರಿನ ಸದ್ದು ನಿಂತಿತು. ಮುಚ್ಚಳ ಸರಿದ ಸದ್ದು. ಆಮೇಲೆ ಒಂದು ಕ್ಷಣದ ತಡೆ. ಈ ಸಲದ ತಡೆ ಬೇರೆಯಾಗಿತ್ತು. ಮುಚ್ಚಳವನ್ನು ಪೂರ್ತಿ ತೆಗೆದು ಮೇಜಿನ ಮೇಲೆ ಇಟ್ಟದ್ದು ಕೇಳಿಸಿತು.

ಇತ್ತ ಕಸ್ತೂರಿ ಮಣೆಯ ಮೇಲೆ ಕೂತು ಕಪ್ ಎತ್ತಿಕೊಂಡಿದ್ದಳು. ಕಿಟಕಿಯ ಕಡೆ ಚಾಚಲು ಹೊರಟ ಕೈ ಅರ್ಧದಲ್ಲೇ ನಿಂತಿತು. ಕಪ್ಪಿನೊಳಗೆ ಬರೀ ಕಂದು ಬಣ್ಣ. ಅವಳು ಅದನ್ನೇ ನೋಡುತ್ತ ಕೂತಳು. ಬಳೆಗಳು ಸದ್ದು ಮಾಡಲಿಲ್ಲ. ಆಮೇಲೆ ಪಡಸಾಲೆಯ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, ತೀರಾ ಮೆಲ್ಲಗೆ ಕೇಳಿದಳು. "ಇವತ್ತು ಮಾಡುವಾಗ ಏನು ಯೋಚನೆ ಮಾಡ್ತಿದ್ರಿ, ಅಕ್ಕ?"

ಆ ಧ್ವನಿಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಏನೋ ಹುಡುಕುವವರಂತೆ ಡಬ್ಬಿ ಸರಿಸುತ್ತ ಕೇಳುವ ಧ್ವನಿ ಅದು. ಅವಳ ಕೈ ನಿಜಕ್ಕೂ ಸಕ್ಕರೆ ಡಬ್ಬಿಯ ಮೇಲಿತ್ತು. ಪಾಪ ಅನ್ನಿಸಿತು. ಅದರ ಜೊತೆಗೇ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಹಿತವೂ ಅನ್ನಿಸಿತು. ಥರ್ಮಾಮೀಟರನ್ನು ತೊಳೆದು, ಒರೆಸಿ, ಗೂಡಿನಲ್ಲಿಟ್ಟೆ.

"ಏನಿಲ್ಲ ಕಣೇ," ಅಂದೆ. "ಹಾಲಿನದೇ ದೋಷ ಇರಬೇಕು."